ಉಮ್ಮರ್ ಬ್ಯಾರಿಯ ಅಟ್ಟದಲ್ಲಿ ಊರವರ ಹೆಸರು

ಬಂಟ್ವಾಳ ಪೇಟೆಯಿಂದ ನದಿಗೆ ಇಳಿಯುವ ಓಣಿಯಲ್ಲಿ ಉಮ್ಮರ್ ಬ್ಯಾರಿಯ ಮನೆ. ತೊಂಬತ್ತರ ದಶಕದಲ್ಲಿ ಆ ಮನೆಯ ಅಟ್ಟ ಹತ್ತಿದವರಿಗೆ ಬಂಟ್ವಾಳದಿಂದ ಮೂಡಬಿದಿರೆಯವರೆಗಿನ ಮತದಾರರ ಪಟ್ಟಿ ಓದಿದಂತೆ ಆಗುತ್ತಿತ್ತು. ಚೊಂಬಿನ ಕುತ್ತಿಗೆಯಲ್ಲಿ ಒಬ್ಬರು, ಹರಿವಾಣದ ಅಂಚಿನಲ್ಲಿ ಇನ್ನೊಬ್ಬರು, ಹಂಡೆಯ ಕಿವಿಯ ಕೆಳಗೆ ಗಂಡಹೆಂಡತಿ ಜೋಡಿಯಾಗಿ. ಎಲ್ಲ ಚುಕ್ಕಿ ಚುಕ್ಕಿಯಾಗಿ ಉಳಿಯಿಂದ ಕೊರೆದ ಹೆಸರುಗಳು. ಕೆಲವಕ್ಕೆ ಊರೂ ಇಸವಿಯೂ ಇದ್ದವು. ಮತ ಹಾಕಲು ಬಾರದವರು ಎಂದರೆ ತೀರಿಹೋದವರು ಮಾತ್ರ. ಅದರಲ್ಲೂ ಕೆಲವರು ಹಾಕುತ್ತಿದ್ದರೆಂದು ಕೇಳಿದ್ದೇನೆ, ಆ ಮಾತು ಬೇರೆ.

ನಮ್ಮ ಕಡೆ ಹೊಸ ಪಾತ್ರೆ ಕೊಂಡರೆ ಹೆಸರು ಹಾಕಿಸದೆ ಒಳಗೆ ತರುವುದಿಲ್ಲ. ಸ್ವಂತದ್ದಾದರೆ ಮನೆಯೊಡತಿಯ ಹೆಸರು, ಮದುವೆಯ ಉಡುಗೊರೆಯಾದರೆ ಕೊಟ್ಟವರ ಹೆಸರು. ನಮ್ಮ ಕಾನ್ವೆಂಟಿನ ಸಿಸ್ಟರ್ ಕೂಡ ಇದೇ ಪಂಥದವರು. ಸ್ಲೇಟು, ಕೊಡೆ, ಬುತ್ತಿ ಎಲ್ಲದರ ಮೇಲೂ ಹೆಸರು ಬರೆಸುತ್ತಿದ್ದರು. ಹೆಸರಿಲ್ಲದ ವಸ್ತು ಕಳೆದುಹೋದರೆ ಸಂತ ಅಂತೋನಿಯವರಿಗೂ ಹುಡುಕಿ ಕೊಡಲು ಆಗುವುದಿಲ್ಲ ಎನ್ನುತ್ತಿದ್ದರು. ಕಳೆದದ್ದನ್ನು ಹುಡುಕಿಕೊಡುವುದು ಆ ಸಂತರ ಖಾತೆ ಎಂದು ನಮ್ಮಲ್ಲಿ ನಂಬಿಕೆ.

ಉಮ್ಮರ್ ಬ್ಯಾರಿ ಗುಜರಿ ವ್ಯಾಪಾರಿ. ಸೈಕಲ್ಲಿನ ಹಿಂದೆ ಎರಡು ಗೋಣಿ, ಹ್ಯಾಂಡಲಿಗೆ ತಕ್ಕಡಿ, ಅಂಗಿಯ ಜೇಬಿನಲ್ಲಿ ನಿಂಬೆ ಗಾತ್ರದ ಹುಣಸೆ ಉಂಡೆ. ಸೈಕಲ್ಲನ್ನು ಬಸ್ಸಿನ ತಲೆಗೆ ಏರಿಸಿ ಬೆಳ್ತಂಗಡಿಯಲ್ಲೋ ಮೂಡಬಿದಿರೆಯಲ್ಲೋ ಇಳಿದು, ಅಲ್ಲಿಂದ ತುಳಿಯುತ್ತ ಊರೂರು ಸುತ್ತುತ್ತಿದ್ದ. ಪಾತ್ರೆ ಕೈಗೆ ಬಂದರೆ ಮೊದಲು ಮಗುಚಿ ಅಡಿ ನೋಡುತ್ತಿದ್ದ. ಅಡಿ ನೋಡದೆ ಅಡಿ ಮುಂದಿಡುವವನಲ್ಲ. ಆಮೇಲೆ ಬೆರಳ ಗಂಟಿನಿಂದ ಒಮ್ಮೆ ತಟ್ಟಿ, ಕಿವಿಗೆ ಹಿಡಿದು, "ಕಂಚು, ಒಳ್ಳೆ ಜಾತಿ" ಎನ್ನುತ್ತಿದ್ದ. ಮನುಷ್ಯರ ಜಾತಿಯನ್ನು ಅವನು ಕೇಳಿದ್ದು ನಾನು ಕಂಡಿಲ್ಲ. ತೂಗಿ ಹಣ ಕೊಟ್ಟ ಮೇಲೆ ಹುಣಸೆ ಉಂಡೆ ಹೊರಗೆ ಬರುತ್ತಿತ್ತು. ಮಸಿ ಹಿಡಿದ ಪಾತ್ರೆಯನ್ನು ಅದೇ ಮನೆಯ ಬಾವಿಕಟ್ಟೆಯಲ್ಲಿ ಕುಳಿತು ಉಜ್ಜುತ್ತಿದ್ದ. ಹೆಸರು ಎಲ್ಲಾದರೂ ಉಂಟೋ ಎಂದು ನೋಡಲಿಕ್ಕೆ.

ಹೆಸರಿದ್ದರೆ ಅದು ಕರಗಿಸುವ ಗೋಣಿಗೆ ಹೋಗುತ್ತಿರಲಿಲ್ಲ. ಅಟ್ಟಕ್ಕೆ ಹೋಗುತ್ತಿತ್ತು. ಅಲ್ಲಿ ಒಂದು ವರ್ಷ ಕೂತಿರಬೇಕು. ಅಷ್ಟರಲ್ಲಿ ಮನೆಯವರು ಬಂದು ಕೇಳಿದರೆ, ಕೊಂಡ ದರಕ್ಕೇ ವಾಪಸ್ಸು. ಇದು ಅವನು ತಾನೇ ಮಾಡಿಕೊಂಡ ಕಾನೂನು.

"ಪೊರ್ಬುಗಳೇ, ಹೆಂಗಸರು ಪಾತ್ರೆ ಮಾರುವುದು ಎರಡೇ ಹೊತ್ತಿನಲ್ಲಿ" ಎಂದು ಒಮ್ಮೆ ನನಗೆ ವಿವರಿಸಿದ್ದ. ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. "ಒಂದು, ಕಷ್ಟ ಬಂದಾಗ. ಇನ್ನೊಂದು, ಸಿಟ್ಟು ಬಂದಾಗ. ಎರಡೂ ಒಂದು ವರ್ಷದ ಒಳಗೆ ಇಳೀತದೆ. ಇಳಿದ ಮೇಲೆ ಪಾತ್ರೆ ನೆನಪಾಗ್ತದೆ."

"ಗಂಡಸರು ಮಾರಿದರೆ?"

"ಅವರಿಗೆ ನೆನಪೇ ಆಗುದಿಲ್ಲ. ಹೆಂಡತಿಗೆ ಗೊತ್ತಾಗ್ತದೆ, ಆಗ ನೆನಪಾಗ್ತದೆ."

ಕೊಕ್ಕಡದ ಒಬ್ಬಾಕೆ ಅತ್ತೆಯ ಮೇಲಿನ ಸಿಟ್ಟಿಗೆ ಅತ್ತೆಯ ಹೆಸರಿನ ಹಂಡೆ ಮಾರಿ, ಅತ್ತೆ ತೀರಿಕೊಂಡ ಮೇಲೆ ಅಳುತ್ತ ಬಂದು ಹೊತ್ತುಕೊಂಡು ಹೋಗಿದ್ದಳಂತೆ. ಇಂಥ ಕತೆಗಳು ಅವನ ಹೆಂಡತಿ ಮೈಮೂನಮ್ಮನಿಗೆ ಬಾಯಿಪಾಠ. ಕೇಳಲು ಹೋದವರಿಗೆ ಮೊದಲು ಬೈಗುಳ, ಆಮೇಲೆ ಚಹಾ. "ನನಗೆ ಗಂಜಿ ಬೇಯಿಸಲಿಕ್ಕೆ ಅಲ್ಯೂಮಿನಿಯಂ. ಊರವರ ಹಂಡೆಗೆ ಅಟ್ಟದಲ್ಲಿ ಮಾಳಿಗೆ ಮನೆ. ಸಾವು ಮಾರಾಯ್ರೆ!"

ನಾನು ಮೂಡಬಿದಿರೆಯವನು. ಹಳೆಯ ವಸ್ತುಗಳ ಹುಚ್ಚು ಆ ಕಾಲದಲ್ಲಿ ನಮ್ಮಂಥವರಿಗೆ ಹೊಸದಾಗಿ ಹತ್ತಿತ್ತು. ಅಜ್ಜಿ ಸ್ನಾನಕ್ಕೆ ನೀರು ಕಾಯಿಸಿದ ಹಂಡೆಯಲ್ಲಿ ಮೊಮ್ಮಕ್ಕಳು ಮನಿಪ್ಲಾಂಟ್ ನೆಟ್ಟು, ಬಂದವರಿಗೆ ತೋರಿಸಿ ನಿಟ್ಟುಸಿರು ಬಿಡುವ ಕಾಲ. ನನಗೂ ಅಂಥದ್ದೊಂದು ಬೇಕೆಂದು ಉಮ್ಮರನ ಅಟ್ಟಕ್ಕೆ ಹೋಗಿ, ಮೂರು ಸಲ ಬರಿಗೈಯಲ್ಲಿ ಇಳಿದು, ನಾಲ್ಕನೆಯ ಸಲಕ್ಕೆ ಸ್ನೇಹಿತನಾದೆ. ಹಂಡೆ ಕೊನೆಗೂ ಸಿಗಲಿಲ್ಲ.

ಸಾವಿರದ ಒಂಬೈನೂರ ತೊಂಬತ್ತೊಂಬತ್ತರ ಜನವರಿಯಲ್ಲಿ ಉಮ್ಮರನ ಕಾನೂನು ಉಮ್ಮರನಿಂದಲೇ ಮುರಿಯಿತು.

ನಾರಾವಿಯ ಮುಂಡಪ್ಪನವರ ಮಗಳು ಶಶಿಪ್ರಭಾಳಿಗೆ ಮದುವೆ ನಿಶ್ಚಯವಾಗಿತ್ತು. ಹೆಂಡತಿ ನೀಲಾವತಿ ಎರಡು ದಿನ ತಂಗಿಯ ಮನೆಗೆ ಹೋದಾಗ, ಸುಣ್ಣ ಬಳಿಯುವ ಮೊದಲು ಮನೆ ಖಾಲಿ ಮಾಡುವ ಉತ್ಸಾಹ ಮುಂಡಪ್ಪನವರಿಗೆ ಬಂತು. ಅಟ್ಟದ ಮೂಲೆಯಲ್ಲಿದ್ದ ಕರಿ ಹಿಡಿದ ಸಾಮಾನನ್ನೆಲ್ಲ ಗೋಣಿಗೆ ತುಂಬಿ, ದಾರಿಯಲ್ಲಿ ಹೋಗುತ್ತಿದ್ದ ಉಮ್ಮರನನ್ನು ಕರೆದು ತೂಗಿಸಿಬಿಟ್ಟರು. ಅದರೊಳಗೆ ಒಂದು ಕಂಚಿನ ಗಿಂಡಿ ಇತ್ತು. ಗಿಂಡಿ ಎಂದರೆ ಕೊಕ್ಕಿನಂಥ ಮೂತಿಯಿರುವ ಚೊಂಬು. ತುಳುವರ ಮದುವೆಯಲ್ಲಿ ಮದುಮಗ ಮದುಮಗಳ ಕೈ ಸೇರಿಸಿ, ಹೆತ್ತವರು ಧಾರೆ ಎರೆಯುವುದು ಅದರಿಂದಲೇ. ಈ ಗಿಂಡಿ ನೀಲಾವತಿಯವರ ಅಜ್ಜಿ ದುಗ್ಗಮ್ಮನದು. ಅಜ್ಜಿಯ ಧಾರೆ, ಅಮ್ಮನ ಧಾರೆ, ನೀಲಾವತಿಯವರ ಧಾರೆ, ಎಲ್ಲ ಅದರ ಮೂತಿಯಿಂದ ಇಳಿದದ್ದು. ಅಡಿಯಲ್ಲಿ ದುಗ್ಗಮ್ಮ, ನಾರಾವಿ ಎಂದು ಕೊರೆದಿತ್ತು. ಮದುವೆಗೆಂದು ಮನೆ ಸ್ವಚ್ಛ ಮಾಡಲು ಹೊರಟ ಮುಂಡಪ್ಪನವರು ಮದುವೆಗೆ ಬೇಕಾದದ್ದನ್ನೇ ಸ್ವಚ್ಛ ಮಾಡಿದ್ದರು.

ಉಮ್ಮರ್ ಉಜ್ಜಿ ನೋಡಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮರುದಿನ ರಂಜಾನ್ ಹಬ್ಬ. ಮೈಮೂನಮ್ಮ ಹೇಳಿದ ಸಾಮಾನು ಪೇಟೆಯಿಂದ ತರುವುದು ಬಾಕಿ. ಕೊನೆಯ ಬಸ್ಸು ಹಿಡಿಯಬೇಕು. ಮಸಿ ದಪ್ಪಗೆ ಹಿಡಿದಿದ್ದರಿಂದ ಅಡಿ ಕಂಡರೂ ಅಕ್ಷರ ಕಾಣಲಿಲ್ಲ. ಮೂವತ್ತು ವರ್ಷಗಳಲ್ಲಿ ಮೊದಲ ಸಲ ಹುಣಸೆ ಉಂಡೆ ಜೇಬಿನಲ್ಲೇ ಉಳಿಯಿತು. ಗೋಣಿ ಹಾಗೆಯೇ ಮಂಗಳೂರಿನ ದೊಡ್ಡ ವ್ಯಾಪಾರಿಯ ಲಾರಿ ಏರಿತು.

ಒಂದು ತಿಂಗಳ ಬಳಿಕ ನೀಲಾವತಿಯವರು ಗಂಡನನ್ನು ಮುಂದಿಟ್ಟುಕೊಂಡು ಬಂಟ್ವಾಳಕ್ಕೆ ಬಂದರು. ಆ ಹೊತ್ತು ನಾನು ಉಮ್ಮರನ ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದೆ.

"ಬ್ಯಾರಿಗಳೇ, ನಮ್ಮದೊಂದು ಗಿಂಡಿ ಉಂಟಲ್ಲ, ದುಗ್ಗಮ್ಮ ಅಂತ ಹೆಸರಿನದ್ದು. ಅದನ್ನು ಕೊಡಿ. ನಿಮ್ಮಲ್ಲಿ ಹೆಸರಿನ ಪಾತ್ರೆ ಎಲ್ಲಿಗೂ ಹೋಗುದಿಲ್ಲ ಅಂತ ಊರಿಗೇ ಗೊತ್ತುಂಟು. ಹಾಗಾಗಿ ನಾನು ಹೆದರಲಿಲ್ಲ. ಇವರಿಗೆ ಎರಡು ಮಾತು ಬೈದು, ಸೀದಾ ಕರ್ಕೊಂಡು ಬಂದೆ."

"ಎರಡಲ್ಲ" ಎಂದರು ಮುಂಡಪ್ಪನವರು, ನೆಲ ನೋಡುತ್ತ.

ಉಮ್ಮರ್ ಅಟ್ಟ ಹತ್ತಿದ. ಗೋಣಿಯ ಪಾತ್ರೆಗಳು ಅಲ್ಲಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಹತ್ತಿದ. ತುಂಬ ಹೊತ್ತು ಪಾತ್ರೆಗಳ ಸದ್ದು ಕೇಳಿಸಿತು. ಇಳಿದು ಬಂದವನ ಮುಖದಲ್ಲಿ ಕಲಾಯಿ ಹೋದಂತಿತ್ತು.

"ನೀಲಕ್ಕ, ನನ್ನಿಂದ ತಪ್ಪಾಯ್ತು. ಆ ದಿನ ನಾನು ಉಜ್ಜಿ ನೋಡಲಿಲ್ಲ. ಅದು ಹೋಗಿದೆ."

ನೀಲಾವತಿಯವರು ಕಿರುಚಲಿಲ್ಲ. ಅದೇ ಕಷ್ಟವಾದದ್ದು. "ಇವರು ಮಾರಿದ್ದು ಸರಿ. ಗಂಡನಿಗೆ ಗಿಂಡಿಯ ಬೆಲೆ ಗೊತ್ತಿಲ್ಲ. ನೀವು ಹೀಗೆ ಮಾಡ್ತೀರಿ ಅಂತ..." ಎಂದು ಅರ್ಧಕ್ಕೇ ನಿಲ್ಲಿಸಿ, ಮೈಮೂನಮ್ಮ ತಂದ ಚಹಾ ಕುಡಿಯದೆ ಎದ್ದು ಹೋದರು. ಮದುವೆಗೆ ಎರಡು ತಿಂಗಳು ಬಾಕಿ ಇತ್ತು.

ಮರುದಿನ ಉಮ್ಮರ್ ಮಂಗಳೂರಿಗೆ ಹೋಗಿ ವಿಚಾರಿಸಿದ. ಒಳ್ಳೆಯ ಕಂಚಿನ ಹಳೇ ಸಾಮಾನನ್ನು ಈಗ ಕರಗಿಸುವುದಿಲ್ಲವಂತೆ. ಬೊಂಬಾಯಿಯ ಚೋರ್ ಬಜಾರಿನ ಅಂಗಡಿಯೊಂದಕ್ಕೆ ಕಳಿಸುತ್ತಾರಂತೆ. ಅಂಗಡಿಯ ಹೆಸರನ್ನು ಬೀಡಿ ಕಟ್ಟಿನ ಕಾಗದದ ಮೇಲೆ ಬರೆಸಿಕೊಂಡು ಬಂದ. ಅವನು ಮಂಗಳೂರು ದಾಟಿದವನಲ್ಲ. ನಾನಾದರೋ ಅಕ್ಕನ ಮನೆಗೆಂದು ಮಾರ್ಚಿನಲ್ಲಿ ಮುಂಬಯಿಗೆ ಹೋಗುವವನಿದ್ದೆ. ಕೊಂಕಣ ರೈಲು ಓಡತೊಡಗಿ ವರ್ಷವಾಗಿತ್ತಷ್ಟೆ. ಚೋರ್ ಬಜಾರಿನಲ್ಲಿ ಹಳೆಯ ಗೋಡೆ ಗಡಿಯಾರವೊಂದನ್ನು ಅಗ್ಗದಲ್ಲಿ ಹೊಡೆಯಬೇಕೆಂಬ ಗುಟ್ಟಿನ ಆಸೆಯೂ ನನಗಿತ್ತು.

"ಬನ್ನಿ, ಒಟ್ಟಿಗೆ ಹೋಗುವ. ನನಗೆ ಗಡಿಯಾರ, ನಿಮಗೆ ಗಿಂಡಿ."

"ನಿಮಗೆ ಆದರೆ ಯಾವ ಗಡಿಯಾರ ಆದ್ರೂ ಆಗ್ತದೆ ಪೊರ್ಬುಗಳೇ" ಎಂದ ಉಮ್ಮರ್.

ರೈಲಿನಲ್ಲಿ ಮೈಮೂನಮ್ಮ ಕಟ್ಟಿಕೊಟ್ಟ ಒಣ ಪತ್ತಿರಿಯನ್ನು, ಎಂದರೆ ಬ್ಯಾರಿಗಳ ಅಕ್ಕಿರೊಟ್ಟಿಯನ್ನು, ಇಬ್ಬರೂ ಮುರಿದು ತಿಂದೆವು. ಸುರಂಗ ಬಂದಾಗಲೆಲ್ಲ ಅವನು ಜೇಬಿನ ಹುಣಸೆ ಉಂಡೆ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಚೋರ್ ಬಜಾರ್ ಎಂದರೆ ಕಳ್ಳರ ಸಂತೆ. ಅಲ್ಲಿ ನನ್ನ ಜೇಬಿಗೆ ಕೈ ಹಾಕಿದವರು ಯಾರೂ ಇರಲಿಲ್ಲ. ನಾನೇ ಹಾಕಿ ಹಾಕಿ ತೆಗೆಯುತ್ತಿದ್ದೆ. ಓಣಿಯ ಎರಡು ಬದಿಗೂ ಸತ್ತವರ ಸಂಸಾರ ಹರಡಿತ್ತು. ಕಿವಿ ಮುರಿದ ಗ್ರಾಮಫೋನು, ಹಡಗಿನ ದೀಪ, ಯಾರದೋ ಅಜ್ಜನ ಕೃತಕ ದಂತ ಇಡುವ ಡಬ್ಬಿ, ಕನ್ನಡಕವಿಲ್ಲದ ಕನ್ನಡಕದ ಗೂಡು. ಒಬ್ಬ ಹಿತ್ತಾಳೆಯ ಯಂತ್ರವೊಂದನ್ನು ನನ್ನ ಮುಂದೆ ಎತ್ತಿ ಹಿಡಿದು, ಬ್ರಿಟಿಷ್ ಕಾಲದ ಮುದ್ರಣಯಂತ್ರ, ಮಹಾರಾಜನೊಬ್ಬನ ಅರಮನೆಯದು ಎಂದ. ನಾನು ಭಕ್ತಿಯಿಂದ ಕೈಯಲ್ಲಿ ಹಿಡಿದೆ. ಉಮ್ಮರ್ ಕಿವಿಯ ಹತ್ತಿರ ಬಾಗಿದ.

"ಸೇಮಿಗೆ ಒತ್ತುವ ಮಣೆ ಪೊರ್ಬುಗಳೇ. ಇದರಲ್ಲಿ ಮುದ್ರಣ ಆದದ್ದನ್ನು ತೆಂಗಿನ ಹಾಲಿನೊಟ್ಟಿಗೆ ತಿನ್ಲಿಕ್ಕೆ ಆಗ್ತದೆ."

ಅವನು ಬೀಡಿ ಕಾಗದ ತೋರಿಸುತ್ತ, ಹಿಂದಿಯಲ್ಲಿ ಅರ್ಧ, ಬ್ಯಾರಿ ಭಾಷೆಯಲ್ಲಿ ಅರ್ಧ ಕೇಳುತ್ತ ಕೊನೆಗೆ ಆ ಅಂಗಡಿ ಹುಡುಕಿಯೇ ಬಿಟ್ಟ. ಮಾಲಿಕ ದಪ್ಪ ಕನ್ನಡಕದ ಗುಜರಾತಿ ಸೇಠ್. ಗುಜರಿಯ ಮುಂದೆ ಗುಜರಾತಿ ಕೂತಿದ್ದಾರೆ, ಇನ್ನು ಬೇಳೆ ಬೇಯುತ್ತದೋ ಇಲ್ಲವೋ ಎಂದು ನಾನು ಗಡಿಯಾರಗಳ ಕಡೆ ಸರಿದೆ.

"ಮದ್ರಾಸಿ ಮಾಲು ಹಿಂದೆ ಉಂಟು, ನೋಡಿಕೊಳ್ಳಿ" ಎಂದರು ಸೇಠ್. ನಮ್ಮ ಬಂಟ್ವಾಳ ಅವರ ಲೆಕ್ಕದಲ್ಲಿ ಮದ್ರಾಸಿನ ಹಿತ್ತಿಲು.

ಹಿಂದಿನ ಕೋಣೆಯಲ್ಲಿ ಕಂಚಿನ ರಾಶಿ. ಉಮ್ಮರ್ ಒಂದು ಚೊಂಬು ಎತ್ತಿ ಮಗುಚಿದ. ಇನ್ನೊಂದು. ಮತ್ತೊಂದು. ಅವನ ಕೈ ನಿಧಾನವಾಯಿತು. ನಾನು ಹೋಗಿ ನೋಡಿದೆ. ಎಲ್ಲ ಪಾತ್ರೆಗಳ ಅಡಿಯಲ್ಲೂ ಕುತ್ತಿಗೆಯಲ್ಲೂ ಅಂಗೈಯಗಲ ಜಾಗ ಹೊಸದಾಗಿ ಹೊಳೆಯುತ್ತಿತ್ತು. ಅರದಿಂದ ಉಜ್ಜಿ ಹೆಸರು ತೆಗೆದಿದ್ದರು.

"ಯಾಕೆ ಸೇಠ್‌ಜೀ, ಇದೆಂತ ಹೀಗೆ?"

ಸೇಠ್ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: "ಬೇರೆಯವರ ಹೆಸರಿರುವ ವಸ್ತುವನ್ನು ಯಾರಪ್ಪಾ ಮನೆಯಲ್ಲಿ ಇಟ್ಟುಕೊಳ್ತಾರೆ? ಹೆಸರು ಹೋದರೆ ಮಾಲು ಹೋಗುತ್ತದೆ."

ಉಮ್ಮರ್ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟ. ನೆಲದ ಮೇಲೆ ಕೂತು ಹುಣಸೆ ಉಂಡೆ ತೆಗೆದ. ರಾಶಿಯಿಂದ ಗಿಂಡಿಗಳನ್ನು ಮಾತ್ರ ಬೇರೆ ಮಾಡಿದ. ಏಳು ಸಿಕ್ಕಿದವು. ಸೇಠ್‌ರ ಕೂಜೆಯ ನೀರು ತರಿಸಿ ಒಂದೊಂದನ್ನೇ ಉಜ್ಜಿದ, ತಟ್ಟಿದ, ಕಿವಿಗೆ ಹಿಡಿದ. ಅದು ಕೇರಳದ ಎರಕ, ಇದು ಹಿತ್ತಾಳೆ, ಇದು ತೀರ ಹೊಸತು ಎಂದು ನಾಲ್ಕನ್ನು ಆಚೆ ಸರಿಸಿದ. ಸುತ್ತಲಿನ ಅಂಗಡಿಯವರು ಬಂದು ನಿಂತರು. ಇಬ್ಬರು ವಿದೇಶೀಯರು ಫೋಟೋ ತೆಗೆದರು. ಅವರ ಆಲ್ಬಮಿನಲ್ಲಿ ಅವನು ಯಾವ ಕಾಲದ ವಸ್ತುವಾಗಿ ದಾಖಲಾದನೋ ಗೊತ್ತಿಲ್ಲ. ಎರಡು ತಾಸು ಕಳೆದ ಮೇಲೆ ಅವನ ಮುಂದೆ ಮೂರು ಗಿಂಡಿಗಳು ಉಳಿದವು. ಮೂರೂ ಕಂಚು, ನಮ್ಮ ಕಡೆಯ ಎರಕ, ಒಂದೇ ಗಾತ್ರ. ಮೂರಕ್ಕೂ ಅಡಿಯಲ್ಲಿ ಅರ ತಿಂದ ಗುರುತು.

ನಾನು ಮನಸ್ಸಿನಲ್ಲಿ ಸಂತ ಅಂತೋನಿಯವರನ್ನು ನೆನೆದೆ. ಸಿಸ್ಟರ್ ಹೇಳಿದ್ದು ನಿಜವಿರಬೇಕು, ಅವರು ಸುಮ್ಮನಿದ್ದರು.

"ಉಮ್ಮರಾಕ, ಒಂದನ್ನು ತೆಗೆದುಕೊಳ್ಳಿ" ಎಂದೆ ನಾನು. "ಇದೇ ನಿಮ್ಮ ಗಿಂಡಿ, ಹೆಸರು ಬೊಂಬಾಯಿಯವರು ಉಜ್ಜಿದರು ಅಂತ ಹೇಳಿ. ಆಕೆ ಅದನ್ನು ಕೊನೆಗೆ ಸರಿಯಾಗಿ ನೋಡಿದ್ದು ತನ್ನ ಧಾರೆಯಲ್ಲಿ. ಆಗ ಯಾರು ಗಿಂಡಿ ನೋಡುತ್ತಾರೆ? ಸುಳ್ಳೂ ಆಗಲಿಕ್ಕಿಲ್ಲ. ಮೂರರಲ್ಲಿ ಒಂದು ಪಾಲು ನಿಜ."

ಅವನು ನನ್ನ ಮುಖವನ್ನು, ಮಗುಚಿ ಅಡಿ ನೋಡುವವನ ಹಾಗೆ ನೋಡಿದ.

"ಪೊರ್ಬುಗಳೇ, ಮೂರರಲ್ಲಿ ಎರಡು ಪಾಲು ಸುಳ್ಳು ಅಲ್ವಾ? ಆ ಹೆಂಗಸು ನನ್ನ ಮಾತು ನಂಬಿ ಹೆದರದೆ ಬಂದದ್ದು. ಈಗ ಈ ಮಾತನ್ನೂ ನಂಬ್ತಾಳೆ. ಅದೇ ಕಷ್ಟ."

"ಹಾಗಾದರೆ ಯಾವುದನ್ನು ಒಯ್ಯುತ್ತೀರಿ?"

"ಮೂರನ್ನೂ."

ಸೇಠ್ ಹೇಳಿದ ಬೆಲೆ ಕೇಳಿ ನಾನು ಗಡಿಯಾರದ ಆಸೆ ಬಿಟ್ಟೆ. ಉಮ್ಮರ್ ಬಿಡಲಿಲ್ಲ. ಚೌಕಾಸಿ ಮಾಡುವುದರಲ್ಲಿ ಅವನು ಜೋರು ಮಾಡುವವನಲ್ಲ. ಬೆಲೆ ಕೇಳಿ ಸುಮ್ಮನೆ ಪಾತ್ರೆ ತಟ್ಟಿ ಕಿವಿಗೆ ಹಿಡಿದು, ಅದು ಬೇರೇನೋ ಹೇಳಿತೆಂಬಂತೆ ತಲೆ ಆಡಿಸುತ್ತಾನೆ. ಸೇಠ್ ಇಳಿದರು. ಮತ್ತೊಮ್ಮೆ ತಟ್ಟಿದ, ಮತ್ತೂ ಇಳಿದರು. ಕೊನೆಗೆ, "ನಿಮ್ಮ ಕಿವಿಗೆ ಎಷ್ಟು ಕೇಳಿಸ್ತದೋ ಅಷ್ಟು ಕೊಟ್ಟು ಹೋಗಿ" ಎಂದು ನಕ್ಕು, ಚಹಾ ತರಿಸಿದರು. ಆದರೂ ಅವನ ಎರಡು ತಿಂಗಳ ಸಂಪಾದನೆ ಅಲ್ಲೇ ಹೋಯಿತು. ಹೊರಡುವಾಗ ಉಮ್ಮರ್ ಸೇಠ್‌ರ ಕೈ ಹಿಡಿದು, ಕಷ್ಟಪಟ್ಟು ಹಿಂದಿ ಕೂಡಿಸಿ ಹೇಳಿದ: "ಇನ್ನು ಹೆಸರಿದ್ದ ಮಾಲು ಬಂದರೆ ಉಜ್ಜುವ ಮೊದಲು ಒಂದು ಕಾರ್ಡು ಬರೆಯಿರಿ ಸೇಠ್‌ಜೀ. ಊರಿನ ಹೆಸರೂ ಅದರಲ್ಲೇ ಇರ್ತದೆ." ಸೇಠ್ ಕಾರ್ಡು ಬರೆದರೋ ಇಲ್ಲವೋ ನನಗೆ ತಿಳಿಯದು. ಆದರೆ ಆ ಕ್ಷಣ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಊರಿಗೆ ಬಂದ ಮೂರನೆಯ ದಿನ ನಾರಾವಿಗೆ ಹೋದೆವು. ನೀಲಾವತಿಯವರ ಜಗಲಿಯಲ್ಲಿ ಉಮ್ಮರ್ ಮೂರು ಗಿಂಡಿಗಳನ್ನೂ ಸಾಲಾಗಿ ಇಟ್ಟು, ನಡೆದದ್ದನ್ನು ನಡೆದ ಹಾಗೆ ಹೇಳಿದ.

"ಇದರಲ್ಲಿ ಒಂದು ನಿಮ್ಮದು ಆಗಿರಬಹುದು ನೀಲಕ್ಕ. ಮೂರೂ ಅಲ್ಲದೆಯೂ ಇರಬಹುದು. ಅದೇ ಅಂತ ನಾನು ಹೇಳುದಿಲ್ಲ."

ಮುಂಡಪ್ಪನವರು ಮುಂದೆ ಬಂದು, "ಇದೇ, ಇದೇ! ನನಗೆ ಗೊತ್ತಾಯ್ತು" ಎಂದು ನಡುವಿನದನ್ನು ಎತ್ತಿದರು.

"ನಿಮಗೆ ಗೊತ್ತಾಗುದಾದರೆ ಆವತ್ತೇ ಗೊತ್ತಾಗ್ತಿತ್ತು. ಕೆಳಗೆ ಇಡಿ" ಎಂದರು ನೀಲಾವತಿ.

ಅವರು ಒಳಗಿನಿಂದ ಕೊಡಪಾನ ತಂದು ಮೂರಕ್ಕೂ ನೀರು ತುಂಬಿದರು. ಶಶಿಪ್ರಭಾಳನ್ನು ಕರೆದು ಕೈ ಚಾಚಿಸಿ, ಒಂದೊಂದಾಗಿ ಎತ್ತಿ ಅವಳ ಅಂಗೈ ಮೇಲೆ ಸುರಿದರು. ಮೊದಲನೆಯದು. ಎರಡನೆಯದು. ಮೂರನೆಯದು. ಮತ್ತೆ ಮೊದಲನೆಯದು. ಜಗಲಿಯೆಲ್ಲ ಒದ್ದೆಯಾಯಿತು. ಹುಡುಗಿ ನಗು ತಡೆದುಕೊಂಡು ನಿಂತಿದ್ದಳು. ಉಮ್ಮರ್ ಮಾತ್ರ ಪರೀಕ್ಷೆಯ ಫಲಿತಾಂಶಕ್ಕೆ ಬಂದವನಂತೆ ಗೋಡೆಗೆ ಅಂಟಿಕೊಂಡಿದ್ದ.

"ಗೊತ್ತಾಗುದಿಲ್ಲ ಬ್ಯಾರಿಗಳೇ" ಎಂದರು ನೀಲಾವತಿ ಕೊನೆಗೆ. ಗಿಂಡಿಯನ್ನು ಕೆಳಗಿಟ್ಟು, ಸೆರಗಿನಲ್ಲಿ ಕೈ ಒರೆಸಿದರು. "ಇದೇ ನಮ್ಮದು ಅಂತ ನೀವು ಹೇಳಿದ್ದರೆ ನಾನು ನಂಬ್ತಿದ್ದೆ."

"ಗೊತ್ತುಂಟು."

"ಹೇಳಲಿಲ್ಲ."

"ಇಲ್ಲ."

ಅವರು ಮೊದಲನೆಯ ಗಿಂಡಿಯನ್ನೇ ಎತ್ತಿಕೊಂಡರು. "ಇದರ ನೀರು ತಡೆಯದೆ ಬೀಳ್ತದೆ. ಧಾರೆಗೆ ಇದು ಆಗಬಹುದು. ಕುಳಿತುಕೊಳ್ಳಿ, ಚಹಾ ಕುಡಿಯದೆ ಹೋಗುವ ಹಾಗಿಲ್ಲ. ಆವತ್ತು ನಾನು ಮೈಮೂನಮ್ಮನ ಚಹಾ ಬಿಟ್ಟು ಬಂದದ್ದು ಈಗಲೂ ಗಂಟಲಲ್ಲಿ ಉಂಟು."

ಹಣದ ಮಾತು ಬಂದಾಗ ಉಮ್ಮರ್ ತನ್ನ ಕಾನೂನು ಬಿಡಲಿಲ್ಲ. ಕೊಂಡ ದರಕ್ಕೇ ವಾಪಸ್ಸು. ಮುಂಡಪ್ಪನವರು ಗೋಣಿ ತೂಗಿಸಿ ಪಡೆದ ಹಣದಲ್ಲಿ ಒಂದು ಗಿಂಡಿಯ ತೂಕಕ್ಕೆ ಆದಷ್ಟನ್ನೇ ತೆಗೆದುಕೊಂಡ.

ಮದುವೆಗೆ ನಾನೂ ಹೋಗಿದ್ದೆ. ಉಮ್ಮರ್ ಮತ್ತು ಮೈಮೂನಮ್ಮ ಮುಂದಿನ ಸಾಲಿನಲ್ಲಿದ್ದರು. ಅವರನ್ನು ಅಲ್ಲಿ ಕೂರಿಸಿದ್ದು ನೀಲಾವತಿಯವರೇ. ಧಾರೆ ಎರೆಯಲು ಗಿಂಡಿ ಎತ್ತಿದಾಗ ಅದರ ಕುತ್ತಿಗೆಯಲ್ಲಿ ಹೊಸ ಚುಕ್ಕಿಗಳು ಹೊಳೆದವು. ಮೂಡಬಿದಿರೆಯಲ್ಲಿ ಪಾತ್ರೆಗೆ ಹೆಸರು ಹಾಕುವ ಜತ್ತಪ್ಪನ ಕೈಯಲ್ಲಿ ಕೊರೆಯಿಸಿದ್ದರು. ದುಗ್ಗಮ್ಮನ ಹೆಸರೇ ಹಾಕಲೇ ಎಂದು ಅವನು ಕೇಳಿದ್ದನಂತೆ. "ಅದು ಸುಳ್ಳಾದರೆ? ಕೊಟ್ಟವರ ಹೆಸರು ಹಾಕುದು ಕ್ರಮ, ಅದನ್ನೇ ಹಾಕು" ಎಂದಿದ್ದರಂತೆ ನೀಲಾವತಿ. ನಾರಾವಿಯ ಆ ಮನೆಯ ಧಾರೆಯ ಗಿಂಡಿಯ ಮೇಲೆ ಈಗ ಹೀಗಿದೆ: ಉಮ್ಮರ್, ಬಂಟ್ವಾಳ, ೧೯೯೯.

ನಾನು ತೋರಿಸಿದೆ. ಉಮ್ಮರ್ ಕಣ್ಣು ಕಿರಿದು ಮಾಡಿ ನೋಡಿದ. ಓದಲಾಗಲಿಲ್ಲವೋ, ಓದಿದ್ದನ್ನು ನಂಬಲಾಗಲಿಲ್ಲವೋ, ಮೈಮೂನಮ್ಮನ ಕಡೆ ತಿರುಗಿದ. ಮೂವತ್ತು ವರ್ಷ ಊರವರ ಹೆಸರು ಓದಿ ಓದಿ ಅಭ್ಯಾಸವಿದ್ದ ಆಕೆ ಒಂದೇ ನೋಟಕ್ಕೆ ಓದಿದಳು. "ನಿಮ್ಮದೇ. ಹೋಯ್ತು, ಇನ್ನು ಇದನ್ನೂ ಯಾರಾದರೂ ಮಾರಿದರೆ ನಮ್ಮ ಅಟ್ಟಕ್ಕೇ ಬರ್ತದೆ" ಎಂದು ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡಳು.

ಎಂಟು ವರ್ಷಗಳ ನಂತರ, ಎರಡು ಸಾವಿರದ ಏಳರಲ್ಲಿ, ಬಂಟ್ವಾಳಕ್ಕೆ ಹೋದಾಗ ಅಟ್ಟ ಹತ್ತಿದೆ. ಸೈಕಲ್ ತುಳಿಯುವುದನ್ನು ಉಮ್ಮರ್ ಬಿಟ್ಟಿದ್ದ. ಜನ ಹಂಡೆಯಲ್ಲಿ ನೀರು ಕಾಯಿಸುವುದನ್ನೂ ಬಿಟ್ಟಿದ್ದರು. ಅಟ್ಟ ಹೆಚ್ಚುಕಡಿಮೆ ಖಾಲಿ. ಮೂಲೆಯಲ್ಲಿ ಮಾತ್ರ ಎರಡು ಗಿಂಡಿಗಳು ಹುಣಸೆಯಲ್ಲಿ ತೊಳೆದು ಒರೆಸಿ ಜೋಡಿಯಾಗಿ ಇದ್ದವು. ಅಡಿಯಲ್ಲಿ ಅರದ ಗುರುತು.

"ಇದು ಆ ಬೊಂಬಾಯಿಯ ಗಿಂಡಿಗಳಲ್ವಾ ಉಮ್ಮರಾಕ? ಇನ್ನೂ ಉಂಟಾ? ನನಗಾದರೂ ಒಂದು ಕೊಡಬಹುದಿತ್ತು. ಇದರಲ್ಲಿ ಯಾರ ಹೆಸರೂ ಇಲ್ಲ."

ಉಮ್ಮರ್ ಒಂದನ್ನು ಎತ್ತಿ, ತಟ್ಟಿ, ಕಿವಿಗೆ ಹಿಡಿದು, ಮತ್ತೆ ಅದೇ ಜಾಗದಲ್ಲಿಟ್ಟ.

"ಹೆಸರಿದ್ದರೆ ಒಂದು ವರ್ಷ ಕಾದು ಕೊಡಬಹುದಿತ್ತು ಪೊರ್ಬುಗಳೇ. ಹೆಸರಿಲ್ಲದ್ದಕ್ಕೆ ಎಷ್ಟು ವರ್ಷ ಕಾಯಬೇಕು ಅಂತ ನನಗೆ ಗೊತ್ತಿಲ್ಲ."